ಬರೀ ‘ಜೆಸಿಬಿ ಸೀಲ್ ಕಿಟ್ ಕೊಡಿ’ ಅಂದರೆ ಸಾಲದು

ನಮ್ಮ ಕಾಲೇಜಿನ ಹಿಂದೆ ಹೊಸ ಹಾಸ್ಟೆಲ್‌ಗೆ ಪಾಯ ತೆಗೆಯುತ್ತಿದ್ದದ್ದು ನಿಮಗೆಲ್ಲ ನೆನಪಿರಬಹುದು. ಮಳೆ ಶುರುವಾಗುವ ಮೊದಲು ಮುಗಿಸಬೇಕು ಅಂತ ಕಂಟ್ರಾಕ್ಟರ್ ದಿನಾ ಬಂದು ಕೂಗಾಡುತ್ತಿದ್ದರು. ಅಂಥ ಹೊತ್ತಿನಲ್ಲೇ ಅಲ್ಲಿದ್ದ ಒಂದೇ ಒಂದು ಹಳದಿ ಗಾಡಿ ಬಕೆಟ್ಟನ್ನು ನೆಲಕ್ಕೂರಿ ಆರು ದಿನ ನಿಂತುಬಿಟ್ಟಿತು. ಆ ಆರು ದಿನಗಳಲ್ಲಿ ಮೂರು ದಿನಕ್ಕೆ ನಾವೇ ಕಾರಣ. ಈ ಲೇಖನ ಬರೆಯುತ್ತಿರುವುದು ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ ಹೌದು, ಮುಂದೆ ಸೈಟಿಗೋ ಗ್ಯಾರೇಜಿಗೋ ಇಂಟರ್ನ್‌ಶಿಪ್‌ಗೆ ಹೋಗುವ ಜೂನಿಯರ್‌ಗಳು ಅದೇ ತಪ್ಪು ಮಾಡದಿರಲಿ ಅಂತಲೂ ಹೌದು.

ಆಗಿದ್ದಿಷ್ಟು. ಗಾಡಿಯ ಹಿಂದಿನ ಬಕೆಟ್ ಸಿಲಿಂಡರ್‌ನಿಂದ ಎಣ್ಣೆ ಸೋರುತ್ತಿತ್ತು. ಗಾಡಿ ಡ್ರೈವರಣ್ಣನದೇ, ಸಾಲ ಮಾಡಿ ತಗೊಂಡದ್ದು. ಗಂಟೆ ಲೆಕ್ಕದ ಬಾಡಿಗೆ. ಗಾಡಿ ಓಡಿದರೆ ದುಡ್ಡು, ನಿಂತರೆ ಇಲ್ಲ, ಆದರೆ ಕಂತು ಮಾತ್ರ ತಿಂಗಳು ತಿಂಗಳು ಕಟ್ಟಲೇಬೇಕು. ಅವರು ನಮ್ಮನ್ನು ನೋಡಿ, "ನೀವೆಲ್ಲ ಮೆಕ್ಯಾನಿಕಲ್ ಓದೋರಲ್ವಾ ತಮ್ಮಾ, ಇದೊಂದು ಸೀಲ್ ಅಳತೆ ತೆಗೆದು ಕೊಡ್ತೀರಾ?" ಅಂದರು. ನಮಗೋ ಖುಷಿ. ಲ್ಯಾಬಿನಿಂದ ವರ್ನಿಯರ್ ತಂದೆವು. ಮೆಕ್ಯಾನಿಕ್ ಬಿಚ್ಚಿಕೊಟ್ಟ ಹಳೆಯ ರಾಡ್ ಸೀಲನ್ನು ಅಳೆದೆವು: ಒಳವ್ಯಾಸ ಸುಮಾರು 60, ಹೊರವ್ಯಾಸ ಸುಮಾರು 75, ಎತ್ತರ ಹತ್ತೂವರೆ ಮಿಮೀ. ‘60×75×10’ ಅಂತ ಚೀಟಿಯಲ್ಲಿ ಬರೆದುಕೊಟ್ಟೆವು. ಅಣ್ಣ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಅದೇ ಅಳತೆಯದ್ದನ್ನು ತಂದರು. ಬೆಳಿಗ್ಗೆ ಹಾಕಿದ್ದು, ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ರಾಡ್ ಮತ್ತೆ ಒದ್ದೆ. ಸಂಜೆಗೆ ತೊಟ್ಟಿಕ್ಕಲು ಶುರು.

ಮರುದಿನ ಮತ್ತೆ ಬಿಚ್ಚಿ, ಸಿಲಿಂಡರ್‌ನ ಗ್ಲ್ಯಾಂಡನ್ನೇ ಚೀಲದಲ್ಲಿ ಹಾಕಿಕೊಂಡು, ಈ ಸಲ ನಾವಿಬ್ಬರೂ ಅಣ್ಣನ ಜೊತೆ ಪೀಣ್ಯದ ಒಂದು ಹೈಡ್ರಾಲಿಕ್ ರಿಪೇರಿ ಅಂಗಡಿಗೆ ಹೋದೆವು. ಅಲ್ಲಿನ ಹಿರಿಯ ಮೇಸ್ತ್ರಿ ನಮ್ಮ ಚೀಟಿಯನ್ನು ನೋಡಲೇ ಇಲ್ಲ. ಗ್ಲ್ಯಾಂಡಿನೊಳಗಿನ ಗ್ರೂವನ್ನು ಬಟ್ಟೆಯಲ್ಲಿ ಒರೆಸಿ, ಅಗಲ ಅಳೆದರು. ಹದಿಮೂರು ಮಿಮೀ. "12 ಎತ್ತರದ ಸೀಲ್ ಇದು. ಸವೆದು, ಒಣಗಿ, ಕುಗ್ಗಿ ಹತ್ತೂವರೆ ಆಗಿದೆ. ಸತ್ತ ಸೀಲ್ ಸುಳ್ಳು ಹೇಳುತ್ತೆ ಕಣ್ರಪ್ಪಾ, ಕಬ್ಬಿಣ ಹೇಳಲ್ಲ. ಕಬ್ಬಿಣ ಅಳೀಬೇಕು" ಅಂದರು.

ಹದಿಮೂರರ ಗ್ರೂವಿನಲ್ಲಿ ಹತ್ತರ ಸೀಲ್ ಕೂತರೆ ಏನಾಗುತ್ತದೆ? ರಾಡ್ ಹೊರಗೆ ಹೋದಾಗ ಸೀಲ್ ಒಂದು ಪಕ್ಕಕ್ಕೆ, ಒಳಗೆ ಬಂದಾಗ ಇನ್ನೊಂದು ಪಕ್ಕಕ್ಕೆ ಜಾರುತ್ತದೆ. ಪ್ರತಿ ಸಲವೂ ತುಟಿ ಸ್ವಲ್ಪ ಮಗುಚುತ್ತದೆ. ಒಳಗಿನ ಒತ್ತಡ ಎಷ್ಟು ಅನ್ನುವುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಿ: 100 ಮಿಮೀ ಬೋರ್ ಇರುವ ಸಿಲಿಂಡರ್‌ನಲ್ಲಿ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 7854 ಚದರ ಮಿಮೀ. 250 ಬಾರ್ ಅಂದರೆ ಒಂದು ಚದರ ಮಿಮೀಗೆ 25 ನ್ಯೂಟನ್. ಗುಣಿಸಿದರೆ 1,96,350 ನ್ಯೂಟನ್, ಹತ್ತಿರ ಹತ್ತಿರ 20 ಟನ್ ಬಲ. ಅಷ್ಟು ಬಲ ಕೊಡುವ ಎಣ್ಣೆಯನ್ನು ಹಿಡಿದು ನಿಲ್ಲಿಸುವುದು ನಮ್ಮ ಕಿರುಬೆರಳಿನಷ್ಟು ದಪ್ಪದ ಒಂದು ಬಳೆ. ಅದಕ್ಕೆ ಎರಡು ಮಿಮೀ ‘ಪರವಾಗಿಲ್ಲ’ ಅನ್ನುವ ಅಳತೆಯಲ್ಲ.

ಮೊದಲು ಗಾಡಿಯ ಹೆಸರು

ನಮ್ಮ ಕಡೆ ಟಯರ್ ಮೇಲೆ ಓಡುವ, ಮುಂದೊಂದು ಹಿಂದೊಂದು ಬಕೆಟ್ ಇರುವ ಗಾಡಿಗೆಲ್ಲ ‘ಜೆಸಿಬಿ’. ಚೈನ್ ಮೇಲೆ ಓಡಿದರೆ ‘ಹಿಟಾಚಿ’. ಯಾವ ಕಂಪನಿಯದಾದರೂ ಸರಿ. ಬ್ಯಾಕ್‌ಹೋ ಲೋಡರ್, ಎಕ್ಸ್‌ಕವೇಟರ್ ಅಂತ ಯಾವ ಊರಲ್ಲೂ ಯಾರೂ ಕರೆಯುವುದಿಲ್ಲ. ಮಾತಿಗೆ ಇದು ಚೆನ್ನಾಗಿದೆ, ನಮಗೂ ಇಷ್ಟವೇ. ಆದರೆ ಅಂಗಡಿಯ ಕೌಂಟರಿನಲ್ಲಿ ನಿಂತು ‘ಜೆಸಿಬಿ ಸೀಲ್ ಕಿಟ್ ಕೊಡಿ’ ಅಂದರೆ, ಜ್ವರ ಬಂದವನು ಮೆಡಿಕಲ್ ಸ್ಟೋರಿಗೆ ಹೋಗಿ ‘ಬಿಳಿ ಮಾತ್ರೆ ಕೊಡಿ’ ಅಂದ ಹಾಗೆ.

ಕಂಪನಿ ಹೆಸರು, ಮಾಡೆಲ್ ಹೆಸರು ಹೇಳಿದರೂ ಅರ್ಧ ಕೆಲಸವಷ್ಟೇ. ಒಂದೇ ಮಾಡೆಲ್ ಹೆಸರಿನಲ್ಲಿ ಹತ್ತು ವರ್ಷ ಗಾಡಿ ಬರುತ್ತಿರುತ್ತದೆ. ಮಧ್ಯೆ ಪಂಪ್ ಬದಲಾಗಿರುತ್ತದೆ, ಸಿಲಿಂಡರ್ ಮಾಡುವವರು ಬದಲಾಗಿರುತ್ತಾರೆ, ಎಮಿಷನ್ ನಿಯಮ ಬದಲಾದಾಗ ಎಂಜಿನ್ನೇ ಬೇರೆ ಬಂದಿರುತ್ತದೆ. ಹೊರಗಿನ ಬಣ್ಣ, ಸ್ಟಿಕರ್ ಮಾತ್ರ ಅದೇ. ಇನ್ನೂ ಒಂದು ತಾಪತ್ರಯ: ಒಂದೇ ಮಾಡೆಲ್ ಎರಡು ದೇಶಗಳ ಕಾರ್ಖಾನೆಗಳಲ್ಲಿ ತಯಾರಾಗುವುದುಂಟು. ನಮ್ಮ ರಾಜ್ಯದಲ್ಲೇ ನೋಡಿ, 1964ರಲ್ಲಿ ಶುರುವಾದ ಬೆಮೆಲ್ ಕೆಜಿಎಫ್‌ನಲ್ಲಿ ಡೋಜರ್, ಎಕ್ಸ್‌ಕವೇಟರ್‌ಗಳನ್ನೂ ಮೈಸೂರಿನಲ್ಲಿ ಡಂಪರ್‌ಗಳನ್ನೂ ಮಾಡುತ್ತದೆ. ಟಾಟಾ ಹಿಟಾಚಿಯ ಒಂದು ಕಾರ್ಖಾನೆ ಧಾರವಾಡದಲ್ಲಿದೆ. ವೋಲ್ವೋದ ಯಂತ್ರಗಳು ಪೀಣ್ಯದಲ್ಲಿ ತಯಾರಾಗುತ್ತವೆ. ಹೊರದೇಶದಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದ ಗಾಡಿಗೂ ಇಲ್ಲೇ ತಯಾರಾದ ಗಾಡಿಗೂ ಹೆಸರು ಒಂದೇ ಇದ್ದು, ಒಳಗಿನ ಭಾಗಗಳು ಬೇರೆ ಇರಬಹುದು.

ಹಾಗಾಗಿ ಬೇಕಾದದ್ದು ಸೀರಿಯಲ್ ನಂಬರ್. ಈಗಿನ ಗಾಡಿಗಳಲ್ಲಿ 17 ಅಕ್ಷರ–ಅಂಕಿಗಳ ‘ಪಿನ್’ ಇರುತ್ತದೆ. ಇದು ಪಿನ್‌ಕೋಡೂ ಅಲ್ಲ, ಎಟಿಎಂ ಪಿನ್ನೂ ಅಲ್ಲ; ಪ್ರಾಡಕ್ಟ್ ಐಡೆಂಟಿಫಿಕೇಷನ್ ನಂಬರ್. ಮಣ್ಣು ಅಗೆಯುವ ಯಂತ್ರಗಳಿಗೆ ಐಎಸ್‌ಒ 10261 ಅನ್ನುವ ಸ್ಟ್ಯಾಂಡರ್ಡ್ ಈ ವ್ಯವಸ್ಥೆಯನ್ನು ಹೇಳುತ್ತದೆ. ಮೊದಲ ಅಕ್ಷರಗಳು ತಯಾರಕರನ್ನೂ, ನಡುವಿನವು ಮಾಡೆಲ್ಲನ್ನೂ, ಕೊನೆಯ ಅಂಕಿಗಳು ಆ ಒಂದು ಗಾಡಿಯನ್ನೂ ಗುರುತಿಸುತ್ತವೆ. ತಗಡಿನ ಪ್ಲೇಟು ಸವೆದಿದ್ದರೆ ಚಾಸಿಯ ಮೇಲೆ ಪಂಚ್ ಮಾಡಿದ್ದನ್ನು ವೈರ್ ಬ್ರಷ್ ಹಾಕಿ ಉಜ್ಜಿ ನೋಡಿ. ಟಯರ್ ಗಾಡಿಯಾದರೆ ಆರ್‌ಟಿಒ ನೋಂದಣಿ ಇರುತ್ತದೆ, ಆರ್‌ಸಿಯಲ್ಲಿ ಚಾಸಿ ನಂಬರ್ ಸಿಗುತ್ತದೆ.

ಎಂಜಿನ್ ನಂಬರ್ ಮಾತ್ರ ಆರ್‌ಸಿ ನೋಡಿ ಬರೆದುಕೊಳ್ಳಬೇಡಿ, ಬ್ಲಾಕ್ ಮೇಲಿನದ್ದನ್ನೇ ಓದಿ. ಹಳೆಯ ಗಾಡಿಗಳಲ್ಲಿ ಎಂಜಿನ್ ಬದಲಾಯಿಸಿರುವುದು ಅಪರೂಪವಲ್ಲ. ಗೇರ್‌ಬಾಕ್ಸ್, ಆಕ್ಸಲ್, ಹೈಡ್ರಾಲಿಕ್ ಪಂಪ್, ಇವಕ್ಕೂ ಅವುಗಳದೇ ಪ್ಲೇಟ್ ಇರುತ್ತವೆ. ನಾವೀಗ ಗಾಡಿ ಹತ್ತಿರ ಹೋದರೆ ಮೊದಲು ಮೊಬೈಲಿನಲ್ಲಿ ಈ ಎಲ್ಲ ಪ್ಲೇಟ್‌ಗಳ ಫೋಟೋ ಹೊಡೆದುಕೊಳ್ಳುತ್ತೇವೆ. ಬೆರಳಲ್ಲಿ ಗ್ರೀಸ್ ಹಚ್ಚಿಕೊಂಡು ಚೀಟಿಯಲ್ಲಿ ಬರೆದರೆ 8 ಯಾವುದು 3 ಯಾವುದು ಅಂತ ಅಂಗಡಿಯಲ್ಲಿ ಜಗಳವಾಗುತ್ತದೆ.

ಪಾರ್ಟ್ಸ್ ಬುಕ್ ಓದುವ ಕ್ರಮ

ಸೀರಿಯಲ್ ನಂಬರ್ ಸಿಕ್ಕಿದ ಮೇಲೆ ಪಾರ್ಟ್ಸ್ ಬುಕ್. ಬಿಚ್ಚಿಟ್ಟ ಭಾಗಗಳ ಚಿತ್ರ, ಪಕ್ಕದಲ್ಲಿ ಪಟ್ಟಿ. ನಾವು ಇಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಅಸೆಂಬ್ಲಿ ಬಿಡಿಸಿ ಬಿಲ್ ಆಫ್ ಮೆಟೀರಿಯಲ್ಸ್ ಬರೆಯುತ್ತೇವಲ್ಲ, ಅದೇ. ಚಿತ್ರದಲ್ಲಿರುವ 1, 2, 3 ಅನ್ನುವುದು ಐಟಂ ನಂಬರ್; ಅದು ಆ ಚಿತ್ರಕ್ಕೆ ಮಾತ್ರ ಸಂಬಂಧಿಸಿದ್ದು. ಪಟ್ಟಿಯಲ್ಲಿರುವ ಉದ್ದನೆಯದ್ದು ಪಾರ್ಟ್ ನಂಬರ್. ಇದು ಗೊತ್ತಿಲ್ಲದವರು ಯಾರು ಅಂತ ನಗಬೇಡಿ, ಮೊದಲ ಸಲ ನಾವೇ ‘ಏಳನೇ ನಂಬರ್ ಬೇಕು’ ಅಂದವರು.

ಪಟ್ಟಿಯ ಕೊನೆಯ ಕಾಲಂ ಯಾರೂ ನೋಡುವುದಿಲ್ಲ, ನೋಡಬೇಕಾದದ್ದು ಅದೇ. ಈ ಭಾಗ ಯಾವ ಸೀರಿಯಲ್ ನಂಬರಿನಿಂದ ಯಾವುದರವರೆಗೆ ಅಂತ ಅಲ್ಲಿ ಇರುತ್ತದೆ. ಒಂದೇ ಐಟಂಗೆ ಎರಡು ಸಾಲು, ಎರಡು ಪಾರ್ಟ್ ನಂಬರ್ ಇದ್ದರೆ ಅದು ಮುದ್ರಣ ದೋಷವಲ್ಲ. ಮಧ್ಯದಲ್ಲಿ ವಿನ್ಯಾಸ ಬದಲಾಗಿದೆ ಅಂತ ಅರ್ಥ. ಅಣ್ಣನ ಗಾಡಿಯ ಬಕೆಟ್ ಸಿಲಿಂಡರ್‌ಗೂ ಹೀಗೇ ಎರಡು ಸಾಲು ಇತ್ತು. ನಾವು ಮೊದಲೇ ಸೀರಿಯಲ್ ನಂಬರ್ ಹಿಡಿದು ಪುಸ್ತಕ ನೋಡಿದ್ದರೆ ವರ್ನಿಯರ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಇನ್ನೊಂದು ಗುಂಡಿ: ಎರಕದ ಭಾಗದ ಮೇಲೆ ಉಬ್ಬಿಕೊಂಡಿರುವ ನಂಬರ್. ಅದನ್ನು ನೋಡಿದ ಕೂಡಲೇ ‘ಪಾರ್ಟ್ ನಂಬರ್ ಸಿಕ್ತು’ ಅಂತ ಕುಣಿಯುತ್ತೇವೆ. ಬಹಳಷ್ಟು ಸಲ ಅದು ಕಾಸ್ಟಿಂಗ್ ನಂಬರ್, ಅಂದರೆ ಎರಕದ ಅಚ್ಚಿನ ನಂಬರ್. ಒಂದೇ ಎರಕವನ್ನು ತಂದು ಬೇರೆ ಬೇರೆ ಅಳತೆಗೆ ಮಷೀನಿಂಗ್ ಮಾಡಿ ಎರಡು ಮೂರು ಪಾರ್ಟ್ ಮಾಡುತ್ತಾರೆ. ಕಾಸ್ಟಿಂಗ್ ನಂಬರ್ ಹಿಡಿದು ಹೋದರೆ ಅಣ್ಣತಮ್ಮಂದಿರಲ್ಲಿ ಯಾರು ಸಿಗುತ್ತಾರೋ ಹೇಳಲಿಕ್ಕಾಗುವುದಿಲ್ಲ.

ಹಳೆಯ ಪಾರ್ಟ್ ನಂಬರ್ ಹೇಳಿದಾಗ ಅಂಗಡಿಯವರು ‘ಅದು ಈಗ ಬರಲ್ಲ, ಈ ನಂಬರ್ ಆಗಿದೆ’ ಅಂತ ಹೊಸದೊಂದನ್ನು ಕೊಡಬಹುದು. ಇದು ಮೋಸವೇನಲ್ಲ, ಕಂಪನಿಗಳು ನಂಬರ್ ಬದಲಿಸುತ್ತಿರುತ್ತವೆ. ಆದರೆ ಹೊಸದು ಹಳೆಯ ಗಾಡಿಗೆ ಕೂರುತ್ತದೆ ಅಂದ ಮಾತ್ರಕ್ಕೆ ಹಳೆಯದು ಹೊಸ ಗಾಡಿಗೆ ಕೂರಬೇಕೆಂದಿಲ್ಲ. ಕೆಲವೊಮ್ಮೆ ಹೊಸ ನಂಬರಿನ ಜೊತೆ ಒಂದು ಬ್ರ್ಯಾಕೆಟ್ಟೋ ಉದ್ದನೆಯ ಬೋಲ್ಟೋ ಸೇರಿಸಿ ಹಾಕಬೇಕಾಗುತ್ತದೆ. ಕೇಳಿಕೊಂಡೇ ತನ್ನಿ.

ಎಡ–ಬಲದ ಮಾತು. ಪುಸ್ತಕದಲ್ಲಿ ಎಡ ಅಂದರೆ ಡ್ರೈವರ್ ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತಾಗಿನ ಎಡ. ಸರಿ, ಆದರೆ ನಮ್ಮ ‘ಜೆಸಿಬಿ’ಯಲ್ಲಿ ಸೀಟೇ ಹಿಂದಕ್ಕೆ ತಿರುಗುತ್ತದೆ! ಹಿಂದಿನ ಬಕೆಟ್ ಕೆಲಸ ಮಾಡುತ್ತಾ ಡ್ರೈವರ್ ‘ಎಡಗಡೆ ಪೈಪ್ ಹೋಗಿದೆ’ ಅಂದರೆ ಪುಸ್ತಕದ ಪ್ರಕಾರ ಅದು ಬಲ. ಚೈನ್ ಗಾಡಿಯಲ್ಲಂತೂ ಮೇಲಿನ ಇಡೀ ಕ್ಯಾಬಿನ್ನೇ ಸುತ್ತುತ್ತದೆ. ಅಲ್ಲಿ ಕೆಳಗೆ ನೋಡಿ: ಚೈನನ್ನು ಎಳೆಯುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಸಾಮಾನ್ಯವಾಗಿ ಹಿಂದೆ, ಹಲ್ಲಿಲ್ಲದ ಐಡ್ಲರ್ ಚಕ್ರ ಮುಂದೆ.

ಪುಸ್ತಕ ಸಿಗದಿದ್ದರೆ

ಹಳೆಯ ಗಾಡಿ, ಪ್ಲೇಟ್ ಇಲ್ಲ, ಪುಸ್ತಕ ಇಲ್ಲ. ಆಗ ಅಳತೆಯೇ ಗತಿ, ಮತ್ತು ಅಳೆಯುವುದನ್ನು ಪೀಣ್ಯದ ಮೇಸ್ತ್ರಿ ಹೇಳಿದ ಹಾಗೇ ಅಳೆಯಬೇಕು. ರಾಡಿನ ವ್ಯಾಸ, ಸಿಲಿಂಡರ್ ಬೋರಿನ ವ್ಯಾಸ, ಗ್ರೂವಿನ ತಳದ ವ್ಯಾಸ, ಗ್ರೂವಿನ ಅಗಲ. ರಾಡನ್ನು ಸವೆಯದ ಜಾಗದಲ್ಲಿ ಮೈಕ್ರೋಮೀಟರ್ ಹಾಕಿ ಅಳೆಯಿರಿ. ಹಳೆಯ ಸೀಲನ್ನು ಎಸೆಯಬೇಡಿ. ಅದು ಅಳತೆಗಲ್ಲ, ಆಕಾರ ನೋಡುವುದಕ್ಕೆ: ತುಟಿ ಒಂದೇ ಕಡೆಗೋ ಎರಡೂ ಕಡೆಗೋ, ಹಿಂದೆ ಗಟ್ಟಿ ಪ್ಲಾಸ್ಟಿಕ್ಕಿನ ಬ್ಯಾಕಪ್ ರಿಂಗ್ ಇತ್ತೋ ಇಲ್ಲವೋ, ಯಾವ ಕ್ರಮದಲ್ಲಿ ಕೂತಿತ್ತು. ತುಟಿ ಯಾವಾಗಲೂ ಒತ್ತಡ ಬರುವ ಕಡೆಗೆ ಮುಖ ಮಾಡಿರಬೇಕು. ಸರಿಯಾದ ಸೀಲನ್ನೇ ಉಲ್ಟಾ ಹಾಕಿದರೂ ಎಣ್ಣೆ ನಿಲ್ಲುವುದಿಲ್ಲ, ಆಗ ‘ಡೂಪ್ಲಿಕೇಟ್ ಕೊಟ್ಟ’ ಅಂತ ಅಂಗಡಿಯವನನ್ನು ಬೈಯುತ್ತೇವೆ.

ಒ-ರಿಂಗ್‌ಗಳ ಕಥೆ ಇನ್ನೂ ನಾಜೂಕು. ಎಲ್ಲವೂ ಕಪ್ಪು, ಎಲ್ಲವೂ ದುಂಡು. ಅಳತೆಗೆ ಎರಡು ಸಂಖ್ಯೆ: ಒಳವ್ಯಾಸ ಮತ್ತು ದಪ್ಪ. ಮೆಟ್ರಿಕ್‌ನಲ್ಲಿ ದಪ್ಪ 2.5, 3, 3.5 ಹೀಗೆ ಬಂದರೆ, ಅಮೆರಿಕದ ಎಎಸ್ 568 ಅಳತೆಯಲ್ಲಿ 1.78, 2.62, 3.53, 5.33 ಅಂತ ಬರುತ್ತದೆ. 2.5ಕ್ಕೂ 2.62ಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಎಣ್ಣೆಗೆ ಕಾಣುತ್ತದೆ. ಇದರ ಮೇಲೆ ಗಡಸುತನ. ಹೆಚ್ಚು ಒತ್ತಡದ ಜಾಗದಲ್ಲಿ 70 ಶೋರ್ ಬದಲು 90 ಶೋರ್ ಇರಬಹುದು.

ರಬ್ಬರಿನ ಜಾತಿಯೂ ಮುಖ್ಯ. ಹೈಡ್ರಾಲಿಕ್ ಎಣ್ಣೆಗೆ ಸಾಮಾನ್ಯವಾಗಿ ನೈಟ್ರೈಲ್ ನಡೆಯುತ್ತದೆ, ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ. ಅದಕ್ಕಿಂತ ಬಿಸಿಯ ಜಾಗಕ್ಕೆ ವಿಟಾನ್. ಇಪಿಡಿಎಂ ಅನ್ನುವ ರಬ್ಬರ್ ಗ್ಲೈಕಾಲ್ ಆಧಾರಿತ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್‌ಗೆ ಒಳ್ಳೆಯದು, ಆದರೆ ಮಿನರಲ್ ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ. ನೈಟ್ರೈಲ್‌ನದು ಇದರ ತಿರುಗಾಮುರುಗಾ. ಇಲ್ಲಿ ಪ್ರಾಣದ ವಿಷಯವಿದೆ. ಕೆಲವು ಬ್ಯಾಕ್‌ಹೋ ಲೋಡರ್‌ಗಳ ಬ್ರೇಕಿನಲ್ಲಿ ಇರುವುದು ಮಿನರಲ್ ಎಣ್ಣೆ, ಇನ್ನು ಕೆಲವದರಲ್ಲಿ ಡಾಟ್ ಆಯಿಲ್. ‘ಬ್ರೇಕ್ ಆಯಿಲ್ ತಾನೇ’ ಅಂತ ಕಾರಿನದ್ದನ್ನು ಸುರಿದರೆ ಬ್ರೇಕಿನ ಸೀಲ್‌ಗಳೆಲ್ಲ ಕೆಟ್ಟುಹೋಗುತ್ತವೆ, ಮತ್ತೆ ಅದು ಗೊತ್ತಾಗುವುದು ಇಳಿಜಾರಿನಲ್ಲಿ. ಮುಚ್ಚಳದ ಮೇಲೆ ಬರೆದದ್ದನ್ನು ಓದಿ, ಮ್ಯಾನ್ಯುಯಲ್ ನೋಡಿ, ಆಮೇಲೆ ಡಬ್ಬಿ ತೆಗೆಯಿರಿ.

ಬೇರಿಂಗ್ ಮಾತ್ರ ಪುಣ್ಯಾತ್ಮ. ತನ್ನ ಜಾತಕವನ್ನು ತನ್ನ ಮೈಮೇಲೇ ಬರೆದುಕೊಂಡಿರುತ್ತದೆ. 6205 ಅಂದರೆ: 6 ಡೀಪ್ ಗ್ರೂವ್ ಬಾಲ್ ಬೇರಿಂಗ್, 2 ಅದರ ಅಳತೆಯ ಸರಣಿ, ಕೊನೆಯ 05ನ್ನು 5ರಿಂದ ಗುಣಿಸಿದರೆ ಒಳವ್ಯಾಸ 25 ಮಿಮೀ. ಪೂರ್ತಿ ಅಳತೆ 25×52×15. 6305 ಕೂಡ ಒಳಗೆ 25, ಆದರೆ ಹೊರಗೆ 62, ಅಗಲ 17. ಭಾರ ಹೆಚ್ಚು ಹೊರುತ್ತದೆ. ಈ ಗುಣಾಕಾರ 04ರಿಂದ ಮೇಲಕ್ಕೆ. 00, 01, 02, 03ಕ್ಕೆ 10, 12, 15, 17 ಅಂತ ಬಾಯಿಪಾಠ. ಗಾಡಿ ಕಂಪನಿಯ ಡಬ್ಬಿಯೊಳಗಿನ ಸಾಧಾರಣ ಬೇರಿಂಗನ್ನೇ ನಂಬರ್ ಹೇಳಿ ಬೇರಿಂಗ್ ಅಂಗಡಿಯಲ್ಲಿ ಹೆಸರಾಂತ ಬ್ರ್ಯಾಂಡಿನದು ತಗೊಂಡರೆ ದುಡ್ಡು ಉಳಿಯುತ್ತದೆ. ಆದರೆ ಹಿಂದಿನ ಬಾಲವನ್ನೂ ಓದಿ: 2ಆರ್‌ಎಸ್ ಅಂದರೆ ಎರಡೂ ಪಕ್ಕ ರಬ್ಬರ್ ಮುಚ್ಚಳ, ಝಡ್‌ಝಡ್ ಅಂದರೆ ತಗಡಿನ ಮುಚ್ಚಳ, ಸಿ3 ಅಂದರೆ ಒಳಗಿನ ಸಡಿಲ ಮಾಮೂಲಿಗಿಂತ ಜಾಸ್ತಿ. ಬಿಸಿಯಾಗಿ ಹಿಗ್ಗುವ ಜಾಗದಲ್ಲಿ ಸಿ3 ಇದ್ದದ್ದನ್ನು ಬರೀ ನಂಬರ್ ನೋಡಿ ಸಾಧಾರಣದ್ದು ಹಾಕಿದರೆ ಬಿಗಿದುಕೊಳ್ಳುತ್ತದೆ. ಟೇಪರ್ ರೋಲರ್ ಬೇರಿಂಗ್ ಆದರೆ ಒಳಗಿನ ಕೋನು, ಹೊರಗಿನ ಕಪ್ಪು ಎರಡನ್ನೂ ಒಟ್ಟಿಗೇ ಬದಲಾಯಿಸಿ. ‘ಕಪ್ ಚೆನ್ನಾಗಿದೆಯಲ್ಲಾ’ ಅನ್ನುವ ಉಳಿತಾಯ ಬೇಡ.

ಪೈಪಿನ ವಿಷಯದಲ್ಲಿ ಚೌಕಾಸಿ ಬೇಡ

ಹೈಡ್ರಾಲಿಕ್ ಹೋಸ್ ಪೈಪಿನ ಮೇಲೆ ಒಂದು ಸಾಲು ಅಚ್ಚಾಗಿರುತ್ತದೆ. ಅದರಲ್ಲಿ ಡ್ಯಾಶ್ 8 ಅಂತಿದ್ದರೆ ಒಳವ್ಯಾಸ ಹದಿನಾರನೇ ಎಂಟು ಇಂಚು, ಅಂದರೆ ಅರ್ಧ ಇಂಚು. ಡ್ಯಾಶ್ 12 ಮುಕ್ಕಾಲು ಇಂಚು. ಅಳತೆ ಒಂದೇ ಆದರೂ ಒಳಗಿನ ತಂತಿ ಹೆಣಿಗೆ ಬೇರೆ. ಯುರೋಪಿನ ಇಎನ್ 853 ಪ್ರಕಾರ ಅರ್ಧ ಇಂಚಿನ 1ಎಸ್‌ಎನ್ ಪೈಪು, ಒಂದು ಪದರ ತಂತಿಯದ್ದು, 160 ಬಾರ್ ತಡೆಯುತ್ತದೆ. ಎರಡು ಪದರದ 2ಎಸ್‌ಎನ್ 275 ಬಾರ್. ಹೊರಗಿಂದ ಎರಡೂ ಕಪ್ಪು ಪೈಪೇ. 250 ಬಾರ್‌ನ ಗಾಡಿಗೆ ಮೊದಲನೆಯದನ್ನು ಹಾಕಿದರೂ ಕೂಡಲೇ ಒಡೆಯಲಿಕ್ಕಿಲ್ಲ, ಯಾಕೆಂದರೆ ಒಡೆಯುವ ಒತ್ತಡ ಕೆಲಸದ ಒತ್ತಡದ ನಾಲ್ಕರಷ್ಟು ಇಟ್ಟಿರುತ್ತಾರೆ. ಅಪಾಯ ಇರುವುದೇ ಅಲ್ಲಿ. ‘ಹಾಕಿದೆವಲ್ಲ, ನಡೀತಿದೆಯಲ್ಲ’ ಅಂತ ಎಲ್ಲರೂ ಮರೆತ ಮೇಲೆ, ಸಾವಿರಾರು ಸಲ ಹಿಗ್ಗಿ ಕುಗ್ಗಿದ ಮೇಲೆ, ಒಂದು ದಿನ ಬೂಮ್ ಎತ್ತಿದ್ದಾಗ ಅದು ಒಡೆಯುತ್ತದೆ. ಬೂಮಿನ ಕೆಳಗೆ ಆಗ ಯಾರಿದ್ದಾರೆ ಅನ್ನುವುದು ಅದೃಷ್ಟಕ್ಕೆ ಬಿಟ್ಟದ್ದು.

ತುದಿಯ ಫಿಟ್ಟಿಂಗ್‌ನ ಮರೆ, ಅಂದರೆ ಥ್ರೆಡ್, ಇನ್ನೊಂದು ಮಾಯಾಲೋಕ. ಬ್ರಿಟಿಷ್ ಬಿಎಸ್‌ಪಿ ಅರ್ಧ ಇಂಚು ಅಂದರೆ ಹೊರವ್ಯಾಸ 20.955 ಮಿಮೀ, ಇಂಚಿಗೆ 14 ಮರೆ, ಮರೆಯ ಕೋನ 55 ಡಿಗ್ರಿ. ಅಮೆರಿಕದ ಎನ್‌ಪಿಟಿ ಅರ್ಧ ಇಂಚಿಗೂ ಇಂಚಿಗೆ 14 ಮರೆ, ಆದರೆ ಕೋನ 60 ಡಿಗ್ರಿ, ಮೇಲಾಗಿ ತುದಿಗೆ ಸಣ್ಣಗಾಗುವ ಟೇಪರ್. ಎರಡೂ ಮೂರ್ನಾಲ್ಕು ಸುತ್ತು ಚೆನ್ನಾಗಿ ಹೋಗುತ್ತವೆ. ಆಮೇಲೆ ಬಿಗಿ. ‘ಸ್ಪ್ಯಾನರ್ ಉದ್ದ ತಗೊಳ್ಳೋ’ ಅಂತ ಬಿಗಿದರೆ ಕಚ್ಚಿಕೊಂಡೂ ಬಿಡುತ್ತದೆ, ಆದರೆ ಸೀಲ್ ಆಗುವುದಿಲ್ಲ. ಜೆಐಸಿ ಫಿಟ್ಟಿಂಗ್‌ನ ಮೂತಿ 37 ಡಿಗ್ರಿ ಕೋನದ್ದು. ಅದು ಮರೆಯಲ್ಲಿ ಅಲ್ಲ, ಮೂತಿಯಲ್ಲಿ ಸೀಲ್ ಆಗುತ್ತದೆ. ಹತ್ತಿಪ್ಪತ್ತು ಎಲೆಗಳ ಥ್ರೆಡ್ ಗೇಜ್ ಲ್ಯಾಬಿನ ಬೀರುವಿನಲ್ಲಿ ಧೂಳು ತಿನ್ನುತ್ತಿದೆ, ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅಂಗಡಿಗೆ ಹೋಗುವಾಗ ಹಳೆಯ ಫಿಟ್ಟಿಂಗ್ ಮಾತ್ರವಲ್ಲ, ಅದು ಕೂರುವ ಎದುರಿನ ಜೋಡಿಯನ್ನೂ ಬಿಚ್ಚಲಾದರೆ ತಗೊಂಡು ಹೋಗಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ನಿಮ್ಮೂರಿನ ಡ್ರೈವರ್‌ಗಳಿಗೂ ಹೇಳಿ. ಪೈಪ್ ಎಲ್ಲಿ ಸೋರುತ್ತಿದೆ ಅಂತ ಕೈ ಸವರಿ ನೋಡುವ ಅಭ್ಯಾಸ ಬಹಳ ಜನಕ್ಕಿದೆ. ಸೂಜಿಮೊನೆಯಷ್ಟು ತೂತಿನಿಂದ ಆ ಒತ್ತಡದಲ್ಲಿ ಬರುವ ಎಣ್ಣೆ ಕಣ್ಣಿಗೆ ಕಾಣದೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು, ನೋವೂ ಮೊದಮೊದಲು ಇರುವುದಿಲ್ಲ. ‘ಏನಿಲ್ಲ ಬಿಡು’ ಅಂತ ಮನೆಗೆ ಹೋಗಿ ಮಲಗಿದರೆ ಬೆರಳೋ ಕೈಯೋ ಕತ್ತರಿಸುವ ಸ್ಥಿತಿ ಬರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು, ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು.

ಫಿಲ್ಟರ್ ಬಗ್ಗೆ ಚಿಕ್ಕದಾಗಿ: ಮರೆ ಕೂತಿತು, ಗ್ಯಾಸ್ಕೆಟ್ ಕೂತಿತು ಅಂದರೆ ಮುಗಿಯಲಿಲ್ಲ. ಎಂಜಿನ್ ಆಯಿಲ್ ಫಿಲ್ಟರ್‌ನಲ್ಲಿ ಬೈಪಾಸ್ ವಾಲ್ವ್ ಇರಬಹುದು, ಅದೇ ಗಾತ್ರದ ಡೀಸೆಲ್ ಫಿಲ್ಟರ್‌ನಲ್ಲಿ ಇರುವುದಿಲ್ಲ. ಹೈಡ್ರಾಲಿಕ್ ಫಿಲ್ಟರ್‌ಗೆ ‘10 ಮೈಕ್ರಾನ್’ ಅಂತ ಬರೆದಿದ್ದರೆ ಅದರ ಬೀಟಾ ಎಷ್ಟು ಅಂತ ಕೇಳಿ. ಬೀಟಾ 200 ಅಂದರೆ ಆ ಗಾತ್ರದ, ಅದಕ್ಕಿಂತ ದೊಡ್ಡ 200 ಕಣಗಳು ಬಂದರೆ ಒಂದು ಮಾತ್ರ ದಾಟುತ್ತದೆ. ಬೀಟಾ 2 ಇದ್ದರೆ ಅರ್ಧಕ್ಕರ್ಧ ದಾಟುತ್ತದೆ. ಎರಡರ ಮೇಲೂ 10 ಮೈಕ್ರಾನ್ ಅಂತ ಬರೆಯಬಹುದು.

ಚೈನ್ ಗಾಡಿಯ ಚೈನಿಗೆ ಪಿಚ್ ಮುಖ್ಯ, ಒಂದು ಪಿನ್ನಿನ ಮಧ್ಯದಿಂದ ಮುಂದಿನ ಪಿನ್ನಿನ ಮಧ್ಯಕ್ಕೆ. 20 ಟನ್ ವರ್ಗದ ಹಲವು ಗಾಡಿಗಳಲ್ಲಿ ಅದು 190 ಮಿಮೀ, ಆದರೆ 175ರ ಆಸುಪಾಸಿನವೂ ಇವೆ. ಒಂದೇ ಕೊಂಡಿ ಅಳೆಯಬೇಡಿ, ಬಿಗಿಯಾಗಿ ಎಳೆದ ನಾಲ್ಕು ಕೊಂಡಿ ಅಳೆದು ನಾಲ್ಕರಿಂದ ಭಾಗಿಸಿ. ಸವೆದ ಚೈನ್ ಉದ್ದವಾಗಿರುತ್ತದೆ ಅನ್ನುವುದೂ ತಲೆಯಲ್ಲಿರಲಿ. ಇಲ್ಲೂ ಸತ್ತದ್ದು ಸುಳ್ಳು ಹೇಳುತ್ತದೆ. ಉದ್ದವಾದ ಚೈನಿನ ಮೇಲೆ ಹೊಸ ಸ್ಪ್ರಾಕೆಟ್ ಹಾಕಿದರೆ ಹೊಸ ಹಲ್ಲನ್ನೂ ಅದು ಬೇಗ ತಿಂದುಹಾಕುತ್ತದೆ.

ಒರಿಜಿನಲ್ಲೋ ಲೋಕಲ್ಲೋ ಗುಜರಿಯೋ

ಈ ವಿಷಯದಲ್ಲಿ ನಮ್ಮಲ್ಲೇ ಜಗಳವಿದೆ. ನಮ್ಮಲ್ಲೊಬ್ಬನ ಪ್ರಕಾರ ಎಲ್ಲವೂ ಕಂಪನಿಯದೇ ಆಗಬೇಕು. ಅಣ್ಣನ ಕಂತಿನ ಲೆಕ್ಕ ಕೇಳಿದ ಮೇಲೆ ಆ ಮಾತು ಹೇಳುವುದು ಇನ್ನೊಬ್ಬನಿಗೆ ಸುಲಭ ಅನ್ನಿಸುವುದಿಲ್ಲ. ಕೊನೆಗೆ ನಾವು ಒಪ್ಪಿಕೊಂಡದ್ದು ಇಷ್ಟು. ಗಾಡಿ ಕಂಪನಿ ತಾನೇ ಎಲ್ಲವನ್ನೂ ಮಾಡುವುದಿಲ್ಲ. ಬೇರಿಂಗ್, ಸೀಲ್, ಫಿಲ್ಟರ್ ಬೇರೆಯವರಿಂದ ತಂದು ತನ್ನ ಡಬ್ಬಿಯಲ್ಲಿ ಹಾಕುತ್ತದೆ. ಆ ಮೂಲ ತಯಾರಕರದ್ದೇ ಮಾರ್ಕೆಟ್ಟಿನಲ್ಲಿ ಸಿಕ್ಕರೆ ಧಾರಾಳವಾಗಿ ತಗೊಳ್ಳಬಹುದು. ಬಕೆಟ್ ಹಲ್ಲು, ಕನ್ನಡಿ, ಸೀಟು, ಬಾನೆಟ್, ಇಂಥವಕ್ಕೆ ಲೋಕಲ್ ಆದರೂ ನಡೆಯುತ್ತದೆ. ಹಲ್ಲು ಬೇಗ ಸವೆಯಬಹುದು, ಅಷ್ಟೇ. ಕ್ಯಾಬಿನ್ ಬಾಗಿಲು, ಫೆಂಡರ್ ಗುಜರಿಯಲ್ಲಿ ಸಿಕ್ಕರೆ ಹಬ್ಬ. ಆದರೆ ಬ್ರೇಕಿನ ಭಾಗ, ಸ್ಟೀರಿಂಗ್ ಭಾಗ, ಹೋಸ್ ಪೈಪ್, ಸೀಲ್ ಇವನ್ನು ಗುಜರಿಯಿಂದ ತರಬಾರದು. ಹಳೆಯ ಪಂಪು ತರುವುದೇ ಆದರೆ ಟೆಸ್ಟ್ ಬೆಂಚಿನ ಮೇಲೆ ಒತ್ತಡ, ಹರಿವು ಎರಡನ್ನೂ ತೋರಿಸಿ ಅಂತ ಪಟ್ಟು ಹಿಡಿಯಬೇಕು.

ಕಂಪನಿಯ ಹೆಸರಿನಲ್ಲೇ ಬರುವ ನಕಲಿಯದ್ದು ಬೇರೆ ಸಮಸ್ಯೆ. ಡಬ್ಬಿಯ ಮೇಲಿನ ಅಕ್ಷರ ಮಂಕಾಗಿದ್ದರೆ, ಡಬ್ಬಿಯ ನಂಬರಿಗೂ ಭಾಗದ ಮೇಲಿನ ನಂಬರಿಗೂ ತಾಳೆಯಾಗದಿದ್ದರೆ, ತೂಕ ಹಳೆಯದಕ್ಕಿಂತ ಎದ್ದುಕಾಣುವಷ್ಟು ಕಡಿಮೆಯಿದ್ದರೆ ಅನುಮಾನಪಡಿ. ಪಾರ್ಟ್ ನಂಬರ್ ನಮೂದಿಸಿದ ಜಿಎಸ್‌ಟಿ ಬಿಲ್ ಕೇಳಿ. ಬಿಲ್ಲಿನಲ್ಲಿ ಬರೀ ‘ಸ್ಪೇರ್ಸ್’ ಅಂತ ಬರೆದುಕೊಡುವವನು ನಾಳೆ ವಾಪಸ್ ತಗೊಳ್ಳುವುದೂ ಇಲ್ಲ.

ಅಣ್ಣನ ಗಾಡಿಯ ಕಥೆಗೆ ಬರೋಣ. ಪೀಣ್ಯದ ಮೇಸ್ತ್ರಿ ಸರಿಯಾದ ಸೀಲ್ ಕಿಟ್ ತೆಗೆದಿಟ್ಟರೂ ತಕ್ಷಣ ಕೊಡಲಿಲ್ಲ. "ಹಳೇದು ಯಾಕೆ ಹೋಯ್ತು?" ಅಂತ ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ, ನಾವು ಆ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. ಅವರೇ ಗ್ಲ್ಯಾಂಡಿನ ಹೊರತುದಿಯ ವೈಪರ್ ತೋರಿಸಿದರು. ರಾಡ್ ಒಳಗೆ ಬರುವಾಗ ಮಣ್ಣು ಕೆರೆದು ಹೊರಗಿಡುವ ಬಳೆ ಅದು. ಒಂದು ಕಡೆ ಹರಿದಿತ್ತು. ನಾವು ರಾಡ್ ಸೀಲ್ ಒಂದನ್ನೇ ತರಿಸಿ, ಆ ಹರಿದ ವೈಪರನ್ನೇ ವಾಪಸ್ ಹಾಕಿಸಿದ್ದೆವು. ಅಂದರೆ ಅಳತೆ ಸರಿಯಿದ್ದಿದ್ದರೂ ಹೆಚ್ಚು ದಿನ ಬಾಳುತ್ತಿರಲಿಲ್ಲ. "ಹೋಗಿ ರಾಡ್ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡ್ರೆ ಸೀಲ್ ಹಾಕ್ಬೇಡಿ, ರಾಡನ್ನ ಇಲ್ಲಿಗೆ ತನ್ನಿ, ಕ್ರೋಮ್ ಮಾಡಿಸ್ಬೇಕು" ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಮೂವರೂ ಹೆಚ್ಚು ಮಾತಾಡಲಿಲ್ಲ. ಗ್ಲ್ಯಾಂಡು ಅಣ್ಣನ ತೊಡೆಯ ಮೇಲಿತ್ತು. ನಮ್ಮಿಂದ ಹಾಳಾದ ಮೊದಲ ಸೀಲಿನ ದುಡ್ಡನ್ನು ಕೊಡಲು ಹೋದರೆ ಅವರು ತಗೊಳ್ಳಲಿಲ್ಲ. "ಓದೋ ಹುಡುಗ್ರು ನೀವು, ಇಟ್ಕೊಳ್ಳಿ" ಅಂದರು. ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು.

ಮರುದಿನ ಬೆಳಿಗ್ಗೆ ರಾಡನ್ನು ಒರೆಸಿ ಉದ್ದಕ್ಕೂ ಉಗುರು ಎಳೆದೆವು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಪೂರ್ತಿ ಕಿಟ್ ಹಾಕಿದೆವು. ವೈಪರ್, ರಾಡ್ ಸೀಲ್, ವೇರ್ ರಿಂಗ್, ಒ-ರಿಂಗ್, ಬ್ಯಾಕಪ್ ರಿಂಗ್, ಒಂದೊಂದನ್ನೂ ಪುಸ್ತಕದ ಚಿತ್ರ ನೋಡಿ. ಮಧ್ಯಾಹ್ನ ಎರಡಕ್ಕೆ ಗಾಡಿ ಶುರುವಾಯಿತು. ನಾವು ಸಂಜೆ ಆರರವರೆಗೆ ಅಲ್ಲೇ ಕೂತು, ಅರ್ಧ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಬಕೆಟ್ ಇಳಿಸಿದಾಗ ಹೋಗಿ ರಾಡನ್ನು ಬಿಳಿ ಟಿಶ್ಯೂನಲ್ಲಿ ಒರೆಸಿ ನೋಡಿದೆವು. ತೆಳ್ಳಗಿನ ಪಸೆಯಷ್ಟೇ ಇತ್ತು, ಅದು ಇರಬೇಕಾದದ್ದೇ.

ಆ ವಾರ ಅಣ್ಣನಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟೆವು. ಮೊದಲ ಪುಟದಲ್ಲಿ ಗಾಡಿಯ ಪಿನ್, ಎಂಜಿನ್, ಗೇರ್‌ಬಾಕ್ಸ್, ಪಂಪ್ ನಂಬರ್‌ಗಳು. ಎರಡನೇ ಪುಟದಲ್ಲಿ ಬಕೆಟ್ ಸಿಲಿಂಡರ್: ರಾಡ್ 60, ಗ್ರೂವಿನ ತಳ 75, ಗ್ರೂವಿನ ಅಗಲ 13, ಸೀಲ್ 60×75×12, ಹಾಕಿದ ದಿನ, ಮೀಟರಿನಲ್ಲಿ ಎಷ್ಟು ಗಂಟೆ. ಮೂರನೇ ಪುಟವನ್ನು ಅಣ್ಣನೇ ಬರೆದಿದ್ದಾರೆ, ಡೀಸೆಲ್ ಫಿಲ್ಟರ್ ಬಗ್ಗೆ. ಅವರ ಅಕ್ಷರ ನಮ್ಮದಕ್ಕಿಂತ ಚೆನ್ನಾಗಿದೆ.